ಆಡು ಕೇಳಿ, ಎಂಗೈತೆ ಏಳಿ

"ಮೇಷ್ಟ್ರೇ, ಇಪ್ಪತ್ತೊಂದು ನಿಯಮ ಬರೆದಿದ್ದೇನೆ. ಏಳನೇ ಕ್ಲಾಸಿನ ಮಕ್ಕಳು ಮೊಬೈಲಿನಿಂದ ಅಪಾಯಕ್ಕೆ ಸಿಲುಕದೆ ಇರಬೇಕಾದರೆ ಇಷ್ಟು ಸಾಕೇ?"

ಕೇಳಿದವಳು ಶಿವಲೀಲಾ. ರುದ್ರಾರಾಧ್ಯ ಮೇಷ್ಟರ ಹಳೆಯ ಶಿಷ್ಯೆ, ಈಗ ತಾನೂ ಒಂದು ಶಾಲೆಯಲ್ಲಿ ಟೀಚರು. ನಿವೃತ್ತರಾದ ಮೇಲೂ ಮೇಷ್ಟರ ಗದರು ದನಿ ಇಳಿದಿರಲಿಲ್ಲ. ಅವರು ಪಟ್ಟಿಯನ್ನು ಪೂರ್ತಿ ಓದಿದರು. ಪಾಸ್‌ವರ್ಡ್ ಹೇಳಬಾರದು, ಫೋಟೋ ಕಳಿಸಬಾರದು, ಅಪರಿಚಿತರನ್ನು ನಂಬಬಾರದು. ಓದಿ ಕನ್ನಡಕ ತೆಗೆದರು.

"ಅಬ್ಬಬ್ಬ, ಎಷ್ಟೊಂದು 'ಬಾರದು' ತಾಯಿ! ಕೂತ್ಕೋ. ಒಂದು ಕತೆ ಹೇಳ್ತೀನಿ. ನಡುವೆ ಬಾಯಿ ಹಾಕಬೇಡ."

ಕತೆ ಶುರುವಾಯಿತು.

ಒಬ್ಬ ಗಾರೆ ಕೆಲಸದವನಿಗೆ ಒಬ್ಬಳು ಮಗಳಿದ್ದಳು. ಏಳನೇ ಕ್ಲಾಸು. ಜಾಣೆ. 'ಅಪರಿಚಿತರನ್ನು ನಂಬಬೇಡಿ' ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಬಣ್ಣ ತುಂಬಿ, ಶಾಲೆಯ ಸ್ಪರ್ಧೆಯಲ್ಲಿ ಮೊದಲ ಬಹುಮಾನ ತಗೊಂಡಿದ್ದಳು. ಆ ಚಿತ್ರ ಹೆಡ್‌ಮಿಸ್ ಕೋಣೆಯ ಬಾಗಿಲ ಮೇಲೇ ಇತ್ತು.

ಹುಡುಗಿ ಚೆನ್ನಾಗಿ ಹಾಡುತ್ತಿದ್ದಳು. ಆದರೆ ಅವರ ಮನೆಯಲ್ಲಿ ಯಾರ ನಾಲಿಗೆಗೂ ಹಕಾರ ಬಾರದು. ಹಾಲು ಅಂದರೆ ಆಲು, ಹಸು ಅಂದರೆ ಅಸು, ಹಾಡು ಅಂದರೆ ಆಡು. ಒಂದು ದಿನ, ಅಪ್ಪ ಮನೆಯಲ್ಲೇ ಬಿಟ್ಟುಹೋಗುತ್ತಿದ್ದ ಮೊಬೈಲಿನಲ್ಲಿ ಒಂದು ಹಾಡು ಹೇಳಿ ಕ್ಲಾಸಿನ ಗ್ರೂಪಿಗೆ ಕಳಿಸಿದಳು. ಖುಷಿಯ ಅವಸರದಲ್ಲಿ ಬಾಯಿಗೆ ಬಂದದ್ದೇ ಬೆರಳಿಗೂ ಬಂತು. ಕೆಳಗೆ ಬರೆದಳು: 'ನನ್ನ ಆಡು ಕೇಳಿ, ಎಂಗೈತೆ ಏಳಿ.'

ಕೂಡಲೇ ಒಬ್ಬ ಉತ್ತರ ಬರೆದ: 'ಎದ್ದು ನಿಂತೆವು. ಆಡು ಎಲ್ಲಿ?'

ಶಿವಲೀಲಾ ಕಿಸಕ್ಕನೆ ನಕ್ಕಳು. ಮೇಷ್ಟ್ರು ಕತೆ ನಿಲ್ಲಿಸಿದರು.

"ನಕ್ಕೆಯಲ್ಲ? ಅವರೂ ಹೀಗೇ ನಕ್ಕರು. ಯಾರೂ ಕೆಟ್ಟವರಲ್ಲ. ಮುಂದೆ ಕೇಳು."

ಒಬ್ಬಳು ಆಡಿನ ಚಿತ್ರ ಕಳಿಸಿದಳು. ಇನ್ನೊಬ್ಬ ಮ್ಯಾ ಅಂತ ಕೂಗಿ ಕಳಿಸಿದ. ಸಂಜೆಯ ಹೊತ್ತಿಗೆ ಗ್ರೂಪಿನ ತುಂಬ ಆಡುಗಳು. ಹಾಡು ಹೇಗಿದೆ ಅಂತ ಒಬ್ಬರೂ ಹೇಳಲಿಲ್ಲ. ಯಾರೂ ಪೂರ್ತಿ ಕೇಳಿರಲೇ ಇಲ್ಲ. ಒಬ್ಬ ಮಹಾನುಭಾವ ಅವಳ ಮುಖಕ್ಕೆ ಎರಡು ಕೊಂಬು ಅಂಟಿಸಿ ಆ ವಿಡಿಯೋವನ್ನು ಊರಿಗೆಲ್ಲ ಕಾಣುವ ಹಾಗೆ ಹಾಕಿಬಿಟ್ಟ, ಅವಳ ಹೆಸರು, ಆ ಮೊಬೈಲಿನ ನಂಬರು ಸಮೇತ.

ಹುಡುಗಿ ಮಾರನೆಯ ದಿನ ಶಾಲೆಗೆ ಹೋಗಲಿಲ್ಲ. ಹೊಟ್ಟೆನೋವು ಅಂದಳು. ಮೂರನೆಯ ದಿನವೂ ಹೊಟ್ಟೆನೋವೇ. ಮನೆಯಲ್ಲಿ ಹಾಡು ನಿಂತುಹೋಯಿತು.

ಆಗ ಅವಳಿಗೊಂದು ಮೆಸೇಜು ಬಂತು. ಕಳಿಸಿದವರ ಚಿತ್ರದಲ್ಲಿ ಒಂದು ತಂಬೂರಿ, ಹೆಸರು 'ಸಂಗೀತದ ಅಕ್ಕ'. 'ನಿನ್ನ ಕಂಠ ಬಂಗಾರ ಪುಟ್ಟಾ. ಅವರಿಗೆಲ್ಲ ಹೊಟ್ಟೆಕಿಚ್ಚು. ಶನಿವಾರ ಹನ್ನೊಂದು ಗಂಟೆಗೆ ಬಸ್ ಸ್ಟ್ಯಾಂಡಿಗೆ ಒಬ್ಬಳೇ ಬಾ, ರೆಕಾರ್ಡ್ ಮಾಡಿಸುತ್ತೇನೆ. ಮನೆಯಲ್ಲಿ ಹೇಳಬೇಡ.'

ಆ ಮೆಸೇಜನ್ನು ಅವಳು ಎಷ್ಟು ಸಲ ಓದಿದಳೋ ದೇವರಿಗೇ ಗೊತ್ತು. ನಾಲ್ಕು ದಿನದಲ್ಲಿ ಅವಳ ಹಾಡನ್ನು ಮೆಚ್ಚಿ ಬಂದದ್ದು ಅದೊಂದೇ ಮಾತು.

ಶನಿವಾರ ಬೆಳಿಗ್ಗೆ ಜಡೆ ಹಾಕಿಕೊಂಡಳು. ಹಬ್ಬದ ಲಂಗ ಉಟ್ಟಳು. ಶಾಲೆಗೆ ಹೋಗಿ ಬರ್ತೀನಿ, ಇವತ್ತು ಯೂನಿಫಾರ್ಮ್ ಇಲ್ಲ ಅಂದಳು. ಅಮ್ಮ ಪಾಪ, ಹೊಟ್ಟೆನೋವು ವಾಸಿಯಾಯಿತಲ್ಲ ಅಂತ ಸಂತೋಷಪಟ್ಟಳು. ಹುಡುಗಿ ಚಪ್ಪಲಿ ಮೆಟ್ಟುವಾಗ ಬಾಗಿಲಲ್ಲಿ ಯಾರೋ ಬಂದು ನಿಂತರು. ನೋಡಿದರೆ ಕ್ಲಾಸಿನಲ್ಲಿ ಪಕ್ಕದಲ್ಲಿ ಕೂರುವ ಗೆಳತಿ. ಓಡಿ ಬಂದು ಏದುಸಿರು ಬಿಡುತ್ತಿದ್ದಳು.

"ತಪ್ಪಾಯ್ತು ಕಣೇ. ಆಡಿನ ಚಿತ್ರ ಮೊದಲು ಕಳಿಸಿದವಳು ನಾನೇ. ನಿನ್ನ ಹಾಡು ನಿನ್ನೆ ಪೂರ್ತಿ ಕೇಳಿದೆ. ಎಷ್ಟು ಚೆನ್ನಾಗೈತೆ ಗೊತ್ತಾ? ಅಳು ಬಂತು. ಬಾರೇ ಸ್ಕೂಲಿಗೆ, ಬೆಂಚಲ್ಲಿ ಒಬ್ಬಳೇ ಕೂರೋಕೆ ಆಗ್ತಿಲ್ಲ."

ಹುಡುಗಿ ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತಳು. ಅತ್ತು ಮುಗಿಸಿ ಮೊಬೈಲನ್ನು ಗೆಳತಿಯ ಕೈಗೆ ಕೊಟ್ಟಳು. "ಇದನ್ನ ಓದು" ಅಂದಳು.

ಗೆಳತಿ ಓದಿದಳು. ಓದಿ "ಆಂಟೀ!" ಅಂತ ಕೂಗಿದ ಕೂಗಿಗೆ ಅಕ್ಕಪಕ್ಕದ ಮನೆಯವರೂ ಹೊರಗೆ ಬಂದರು.

ಅಮ್ಮ ಹೆಡ್‌ಮಿಸ್ಸಿಗೆ ಫೋನು ಮಾಡಿದಳು. ಹೆಡ್‌ಮಿಸ್ಸು ಪೊಲೀಸರಿಗೆ ಮಾಡಿದರು. ಹನ್ನೊಂದು ಗಂಟೆಗೆ ಬಸ್ ಸ್ಟ್ಯಾಂಡಿನಲ್ಲಿ ಆ ಅಕ್ಕ ಕಾಯುತ್ತ ನಿಂತಿದ್ದಳು. ನಲವತ್ತು ದಾಟಿದ ಗಂಡಸು. ಕಂಕುಳಲ್ಲಿ ಒಂದು ಚಾಕೊಲೇಟಿನ ಪೊಟ್ಟಣ. ಪೊಲೀಸರು ಅವನನ್ನು ಹಿಡಿದಾಗ ಹುಡುಗಿ ಮನೆಯಲ್ಲಿ ಗೆಳತಿಯ ಜೊತೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದಳು.

ಶಿವಲೀಲಾ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಅಬ್ಬ! ಸದ್ಯ, ಬದುಕಿಕೊಂಡಳು!"

"ಹೂಂ, ಬದುಕಿಕೊಂಡಳು. ಉಸಿರು ಬಿಡು. ಇನ್ನೂ ಸ್ವಲ್ಪ ಇದೆ."

ಕೊಂಬಿನ ವಿಡಿಯೋ ಹಾಕಿದವನು ತಾನೇ ಅದನ್ನು ತೆಗೆದುಹಾಕಿದ. ಕ್ಲಾಸಿನ ಮಕ್ಕಳು ಯಾರು ಯಾರಿಗೆ ಕಳಿಸಿದ್ದರೋ ಅವರವರ ಹತ್ತಿರ ಹೋಗಿ ಅದನ್ನು ಅಳಿಸಿಸಿ ಬಂದರು. ಸೋಮವಾರ ಹುಡುಗಿ ಶಾಲೆಗೆ ಬಂದಳು. ಕ್ಲಾಸೆಲ್ಲ ತಲೆ ತಗ್ಗಿಸಿ ಕೂತಿತ್ತು. ಅವಳು ಟೀಚರ ಮುಖ ನೋಡಿ ಮೆಲ್ಲಗೆ ಕೇಳಿದಳು:

"ಮಿಸ್, ಆಡ್ಲಾ?"

ಹಿಂದಿನ ಬೆಂಚಿನಿಂದ ಒಬ್ಬ, "ಆಡು!" ಅಂದ. ಅವನೇ, ಕೊಂಬು ಅಂಟಿಸಿದವನು. ಕ್ಲಾಸೆಲ್ಲ "ಆಡು, ಆಡು!" ಅಂದಿತು. ಯಾರೂ ನಗಲಿಲ್ಲ. ಹುಡುಗಿ ಹಾಡಿದಳು. ಈ ಸಲ ಎಲ್ಲರೂ ಕೊನೆಯವರೆಗೆ ಕೇಳಿದರು.

ಕತೆ ಮುಗಿಯಿತು. ಶಿವಲೀಲಾ ಕಣ್ಣೊರೆಸಿಕೊಂಡು ನಕ್ಕಳು. ಬ್ಯಾಗಿನಿಂದ ಪೆನ್ನು ತೆಗೆದಳು.

"ಹೇಳಿ ಮೇಷ್ಟ್ರೇ, ನನ್ನ ಇಪ್ಪತ್ತೊಂದರಲ್ಲಿ ಅವಳನ್ನ ಉಳಿಸಿದ ನಿಯಮ ಯಾವುದು? ಅದನ್ನೇ ಮೇಲೆ ದಪ್ಪಕ್ಷರದಲ್ಲಿ ಬರೀತೀನಿ."

ಮೇಷ್ಟ್ರು ಪಟ್ಟಿಯನ್ನು ಮಡಿಸಿ ಅವಳ ಕೈಗೆ ಕೊಟ್ಟರು.

"ಅಪರಿಚಿತರನ್ನು ನಂಬಬಾರದು ಅಂತ ಬರೆದು ಬಹುಮಾನ ತಗೊಂಡವಳೇ ಅವಳು ಕಣಮ್ಮಾ, ಅವಳಿಗೆ ಬೇಕಾಗಿದ್ದದ್ದು ನಂಬೋಕೆ ಒಬ್ಬಳು ಪರಿಚಿತಳು."