ಕೆಂಪು ಕಾರು, ಕಪ್ಪು ಕಾರು

ಒಂದು ಕಾಡಿನಲ್ಲಿ ಎರಡು ಅಮೆರಿಕನ್ ಕಾರುಗಳಿದ್ದವು. ಎರಡೂ ಐವತ್ತು ವರ್ಷ ಹಳೆಯವು, ಒಂದೇ ಮಾದರಿಯವು. ಎಂಟು ಸಿಲಿಂಡರಿನ ಎಂಜಿನ್ ಗುಡುಗಿದರೆ ಹಕ್ಕಿಗಳು ಗೂಡು ಬಿಟ್ಟು ಹಾರುತ್ತಿದ್ದವು. ಕಾಡಿಗೆ ಅವು ಹೇಗೆ ಬಂದವೆಂದು ಕೇಳಬೇಡಿ, ಅದು ಯಾರಿಗೂ ಗೊತ್ತಿಲ್ಲ. ಕಪ್ಪು ಕಾರು ಜಟ್ಟಿಂಗನೆಂಬ ನರಿಯದು. ಅದರ ಬಣ್ಣ ಮಾಸಿತ್ತು, ಬಾಗಿಲಿನ ಅಂಚಿಗೆ ತುಕ್ಕು ಹಿಡಿದಿತ್ತು. ಕೆಂಪು ಕಾರು ಕೆಂಚವ್ವನೆಂಬ ಮುಂಗುಸಿಯದು. ಅದೋ, ಮಿರಮಿರ ಮಿಂಚುತ್ತಿತ್ತು.

ಭರಮಣ್ಣನೆಂಬ ಕರಡಿಗೆ ಹಳೆಯ ಕಾರು ಕೂಡಿಡುವ ಹುಚ್ಚು. "ನಾಳೆ ಎರಡನ್ನೂ ನೋಡುತ್ತೇನೆ. ಯಾವುದು ಹಿಡಿಸುತ್ತದೋ ಅದರ ಬದಲಿಗೆ ನನ್ನ ಗುಡ್ಡದ ಗುಹೆ ಕೊಡುತ್ತೇನೆ" ಎಂದು ಅದು ಹೇಳಿಕಳಿಸಿತು.

ನರಿಗೆ ಸ್ವಂತ ಮನೆಯಿರಲಿಲ್ಲ. ಮಳೆಗಾಲ ಹತ್ತಿರ ಬಂದಿತ್ತು. ಆ ಗುಹೆ ಅದಕ್ಕೆ ಬೇಕೇ ಬೇಕಿತ್ತು. ಆದರೆ ಈ ತುಕ್ಕು ಡಬ್ಬಿಯನ್ನು ಯಾರು ಮೂಸಿ ನೋಡುತ್ತಾರೆ! ಕೆಂಪು ಕಾರನ್ನು ನೆನೆದು ಅದರ ಹೊಟ್ಟೆ ಉರಿಯಿತು. ಬೆಳಗಾಗುತ್ತಲೇ ಮುಂಗುಸಿಯ ಬಳಿ ಓಡಿತು.

"ಕೆಂಚವ್ವಾ, ಕೆಟ್ಟೆಯಲ್ಲೇ! ಭರಮಣ್ಣನಿಗೆ ಕೆಂಪು ಕಂಡರೆ ಆಗೋದಿಲ್ಲವಂತೆ. ನಂದು ಒಂಟಿ ಜೀವ, ಎಲ್ಲಾದರೂ ಬಿದ್ದಿರ್ತೀನಿ. ನೀನು ಮರಿಗಳ ತಾಯಿ. ನನ್ನ ಕಪ್ಪು ಕಾರು ನೀನಿಟ್ಟುಕೋ, ನಿನ್ನದು ನನಗಿರಲಿ."

ಮುಂಗುಸಿಯ ಕಣ್ಣು ತುಂಬಿ ಬಂತು. "ನಿನ್ನದು ದೊಡ್ಡ ಮನಸ್ಸು ಜಟ್ಟಿಂಗಣ್ಣಾ. ಆದರೆ ಒಂದು ಮಾತು, ಈ ಕಾರು ಹಿಂದೊಮ್ಮೆ..."

"ಮಾತು ಆಮೇಲೆ! ಮೊದಲು ಕೀಲಿ ಕೊಡು" ಎಂದಿತು ನರಿ.

ಮಧ್ಯಾಹ್ನ ಕರಡಿ ಬಂತು. ನರಿ ಬಾಲದಿಂದ ಕೆಂಪು ಕಾರನ್ನು ಒರೆಸುತ್ತ, "ಕನ್ನಡಿ ಯಾಕೆ ಭರಮಣ್ಣನೋರೇ, ಇದರಲ್ಲೇ ಮುಖ ನೋಡ್ಕೊಳ್ಳಿ!" ಎಂದಿತು. ಕರಡಿ ಮುಖ ನೋಡಿಕೊಳ್ಳಲಿಲ್ಲ. ಚೀಲದಿಂದ ಅಯಸ್ಕಾಂತದ ತುಂಡೊಂದನ್ನು ತೆಗೆದು ಬಾಗಿಲಿಗೆ ಇಟ್ಟಿತು. ಅದು ಅಂಟದೆ ಜಾರಿ ನೆಲಕ್ಕೆ ಬಿತ್ತು.

"ಇಲ್ಲಿ ತಗಡೇ ಉಳಿದಿಲ್ಲ, ಬರೀ ಪುಟ್ಟಿಯ ಹಿಟ್ಟು ಮೆತ್ತಿ ಮೇಲೆ ಬಣ್ಣ ಬಳಿದಿದ್ದಾರೆ" ಎಂದು ಕರಡಿ ಬಾನೆಟ್ ಎತ್ತಿತು. "ಎಂಜಿನ್ ನಂಬರಿಗೂ ಗಾಡಿ ನಂಬರಿಗೂ ತಾಳೆಯಿಲ್ಲ. ಬೇರೆ ಯಾವುದೋ ಗಾಡಿಯ ಎಂಜಿನ್ ತಂದು ಕೂರಿಸಿದ್ದಾರೆ."

"ಹಿಂದೊಮ್ಮೆ ಮರಕ್ಕೆ ಗುದ್ದಿತ್ತು. ಅದನ್ನೇ ಹೇಳೋಕೆ ಹೊರಟಿದ್ದೆ" ಎಂದಿತು ಮುಂಗುಸಿ.

ಕಪ್ಪು ಕಾರಿಗೆ ಅಯಸ್ಕಾಂತ ಟಕ್ಕನೆ ಕಚ್ಚಿಕೊಂಡಿತು. ನಂಬರುಗಳೂ ತಾಳೆಯಾದವು. "ಕಾರ್ಖಾನೆಯಿಂದ ಬಂದ ಹಾಗೇ ಇದೆ! ತುಕ್ಕೇನು, ಉಜ್ಜಿದರೆ ಹೋಗುತ್ತದೆ. ನನಗೆ ಇದೇ ಬೇಕು" ಎಂದು ಕರಡಿ ಕುಣಿದಾಡಿತು.

"ಅದು ನಂದು! ಬೆಳಗ್ಗೆವರೆಗೂ ನಂದೇ ಆಗಿತ್ತು!" ಎಂದು ನರಿ ಕಿರುಚಿತು.

"ಮತ್ತೆ ಯಾಕೆ ಕೊಟ್ಟೆ?" ಎಂದಿತು ಕರಡಿ.

ನರಿ ಮೆಲ್ಲಗೆ ಕಾರಿನ ಹಿಂದೆ ಸರಿಯಿತು. ಮುಂಗುಸಿಯೇ ಹೇಳಿತು: "ನಿಮಗೆ ಕೆಂಪು ಕಂಡರೆ ಆಗೋದಿಲ್ಲವಂತಲ್ಲ. ಅದಕ್ಕೇ ಪಾಪ, ನನ್ನ ಮರಿಗಳಿಗೆ ಗುಹೆ ಸಿಗಲಿ ಅಂತ ಕೊಟ್ಟ."

"ನನಗೆ ಯಾವ ಬಣ್ಣವಾದರೇನು?" ಎಂದಿತು ಕರಡಿ. ನರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿತು. "ಜಟ್ಟಿಂಗಾ, ಏನೂ ಮಾಡದೆ ಸುಮ್ಮನೆ ಕೂತಿದ್ದರೂ ಗುಹೆ ನಿನ್ನದಾಗುತ್ತಿತ್ತು."

ಅಂದು ಸಂಜೆ ಮುಂಗುಸಿ ಮೂರು ಮರಿಗಳನ್ನು ಕರೆದುಕೊಂಡು ಗುಡ್ಡ ಹತ್ತಿತು. ನರಿ ಕೆಳಗೆ ನಿಂತು ನೋಡುತ್ತಲೇ ಇತ್ತು.

ನೀತಿ: ಇನ್ನೊಬ್ಬರದನ್ನು ಮೋಸದಿಂದ ಪಡೆಯಲು ಹೊರಟವನು ತನ್ನದರ ಬೆಲೆಯನ್ನೇ ತಿಳಿಯದೆ ಕಳೆದುಕೊಳ್ಳುತ್ತಾನೆ.