ಹಾಲೇಶನ ಎರಡು ಬಯೊಡೇಟಾ

ದಾವಣಗೆರೆಯ ಒಂದು ಆಸ್ಪತ್ರೆಯ ಅಡುಗೆಮನೆಗೆ ಕೊಟ್ರೇಶಪ್ಪ ಮೇಲ್ವಿಚಾರಕ. ಮನುಷ್ಯ ಕೆಟ್ಟವನಲ್ಲ, ಆದರೆ ಮಹಾ ಅನುಮಾನದ ಪ್ರಾಣಿ. ಹಾಲಿನವನು ನಕ್ಕರೆ ಹಾಲಿಗೆ ನೀರು ಬೆರೆಸಿದ್ದಾನೆ ಎನ್ನುತ್ತಿದ್ದ. ನಗದಿದ್ದರೂ ಅದನ್ನೇ ಎನ್ನುತ್ತಿದ್ದ.

ರೋಗಿಗಳ ಊಟಕ್ಕೆ ಒಬ್ಬ ಅಡುಗೆಯವನು ಬೇಕಾಗಿದ್ದ. ಹಾಲೇಶ ಎಂಬವನು ತನ್ನ ಬಯೊಡೇಟಾ ಕೊಟ್ಟು ಹೋಗಿದ್ದ. ಉಪ್ಪು ಕಡಿಮೆ ಮಾಡಿದ ಸಾರು, ಸಕ್ಕರೆ ಕಾಯಿಲೆಯವರ ಊಟ, ನುಂಗಲಾಗದವರಿಗೆ ನುಣ್ಣನೆಯ ಗಂಜಿ ಮಾಡಲು ಬರುತ್ತದೆ ಎಂದು ಅದರಲ್ಲಿತ್ತು. ವೃದ್ಧಾಶ್ರಮದಲ್ಲಿ ಅಡುಗೆ ಮಾಡಿದ್ದನ್ನೂ ಬರೆದಿದ್ದ. ಓದಿದ ಕೊಟ್ರೇಶಪ್ಪನಿಗೆ ಖುಷಿಯಾಯಿತು. ಮರುಕ್ಷಣವೇ, ನಮಗೆ ಬೇಕಾದ್ದನ್ನೇ ಇವನು ಇಷ್ಟು ಸರಿಯಾಗಿ ಹೇಗೆ ಬರೆದ ಎಂದು ತಲೆಗೆ ಹುಳ ಹೊಕ್ಕಿತು.

ಆ ಭಾನುವಾರ ಅವನು ಭಾಮೈದ ಶಿವಾನಂದನ ಮನೆಗೆ ಹೋದ. ಶಿವಾನಂದನದು ಮದುವೆ ಊಟದ ಗುತ್ತಿಗೆ. ಅಲ್ಲಿ ಮೇಜಿನ ಮೇಲೆ ಇನ್ನೊಂದು ಬಯೊಡೇಟಾ. ಅದೇ ಹಾಲೇಶ, ಅದೇ ಫೋನ್ ನಂಬರು. ಆದರೆ ಇದರಲ್ಲಿ ಹೋಳಿಗೆ, ಬೂಂದಿ ಲಾಡು, ಸಾವಿರ ಎಲೆಯ ಊಟ. ಗಂಜಿಯ ಸುದ್ದಿಯೇ ಇಲ್ಲ.

ನಿಮ್ಮ ಕಣ್ಣಿಗೆ ಬಿದ್ದಿದ್ದರೆ ನೀವೂ ಹುಬ್ಬೇರಿಸುತ್ತಿದ್ದಿರಿ. ನಾನಂತೂ ಏರಿಸುತ್ತಿದ್ದೆ. ಆದರೆ ಕರೆದು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅನುಮಾನದವರು ಕೇಳುವುದಿಲ್ಲ, ಹೊಂಚು ಹಾಕುತ್ತಾರೆ. ಎರಡರಲ್ಲಿ ಒಂದು ಸುಳ್ಳು ಎಂದು ಕೊಟ್ರೇಶಪ್ಪ ತೀರ್ಮಾನಿಸಿಬಿಟ್ಟ. ಭಾಮೈದನಿಗೂ ಏನೂ ಹೇಳಲಿಲ್ಲ.

ಮರುದಿನ ಹಾಲೇಶನನ್ನು ಕರೆಸಿ, ಒಂದು ಹೊತ್ತಿನ ಅಡುಗೆ ಮಾಡಿ ತೋರಿಸು ಎಂದ. ಹಾಲೇಶ ಆಸೆಯಿಂದಲೇ ಬಂದ. ಮದುವೆಗಳ ಕಾಲ ಮುಗಿದರೆ ಅವನಿಗೆ ಕೆಲಸವಿರುತ್ತಿರಲಿಲ್ಲ. ಆಸ್ಪತ್ರೆಯದಾದರೆ ವರ್ಷವಿಡೀ ಒಲೆ ಉರಿಯುತ್ತದೆ, ಮಕ್ಕಳ ಶಾಲೆಗೂ ಚಿಂತೆಯಿಲ್ಲ ಎಂದು ಮನೆಯಲ್ಲಿ ಹೇಳಿ ಬಂದಿದ್ದ.

ಕೊಟ್ರೇಶಪ್ಪ ಕಿಟಕಿಯ ಮರೆಯಲ್ಲಿ ನಿಂತು ನೋಡಿದ. ಹಾಲೇಶ ಗಂಜಿ ಇಳಿಸಿದ, ಒಂದು ಚಮಚ ಬೇರೆ ಬಟ್ಟಲಿಗೆ ತೆಗೆದು ಬಾಯಿಗಿಟ್ಟ, ಸ್ವಲ್ಪ ಆರಲು ಬಿಟ್ಟು ಮತ್ತೆ ರುಚಿ ನೋಡಿದ. ಆಮೇಲೆ ವಾರ್ಡಿಗೆ ಕಳಿಸಿದ. ಕಳ್ಳ ಸಿಕ್ಕಿಬಿದ್ದ ಎಂದುಕೊಂಡು ಕೊಟ್ರೇಶಪ್ಪ ಒಳಗೆ ನುಗ್ಗಿದ. ಮದುವೆಮನೆ ಅಡುಗೆಯವರು ದೇವರಿಗೆ ಎಡೆ ಇಡುವ ಮುಂಚೆ ನಾಲಿಗೆಗೆ ಮುಟ್ಟಿಸುವುದಿಲ್ಲ, ವಾಸನೆಯಲ್ಲೇ ಉಪ್ಪು ಹಿಡಿಯುತ್ತಾರೆ ಎಂಬುದು ಊರಿಗೆಲ್ಲ ಗೊತ್ತು.

"ನೀನು ಮದುವಿ ಅಡಿಗಿಯವ ಅಲ್ಲಪ್ಪ. ನಮ್ಮ ಶಿವಾನಂದಗೆ ಕೊಟ್ಟ ಬಯೊಡೇಟಾ ಸುಳ್ಳು. ಅಲ್ಲಿ ಸುಳ್ಳು ಹೇಳಿದವ ಇಲ್ಲಿ ಹೇಳದೆ ಬಿಡ್ತೀಯಾ?" ಎಂದ.

ಹಾಲೇಶ ಕೈ ಒರೆಸಿಕೊಂಡ. ಅವನಿಗೆ ಅಳು ಬರುವಂತಾಗಿತ್ತು.

"ಅಲ್ಲಿ ಮೊದಲು ದೇವರು ಉಣ್ಣಬೇಕು ಸಾರ್, ಅದಕ್ಕೆ ಮುಟ್ಟಲ್ಲ. ಇಲ್ಲಿ ಉಣ್ಣೋರಿಗೆ ಬಿಸಿ ಅಂತ ಹೇಳಾಕೂ ತ್ರಾಣ ಇರಲ್ಲ. ಅದಕ್ಕೆ ನಾನೇ ನೋಡ್ತೀನಿ. ಎರಡೂ ನಾನೇ ಮಾಡಿದ ಕೆಲಸ. ನಿಮಗೆ ಲಾಡು ಬೇಡ, ಅವರಿಗೆ ಗಂಜಿ ಬೇಡ. ಯಾರಿಗೆ ಯಾವುದು ಬೇಕೋ ಅದನ್ನ ಬರೆದೆ."

ಮಾತು ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ತಪ್ಪಾಯಿತು. ಇಷ್ಟು ಬೇಗ ಉತ್ತರ ಸಿಕ್ಕಿತೆಂದರೆ ಮೊದಲೇ ಕಲಿತು ಬಂದಿದ್ದಾನೆ ಎಂದು ಕೊಟ್ರೇಶಪ್ಪ ಅವನನ್ನು ಸಾಗಹಾಕಿದ.

ಸಾಗಹಾಕಿದ ಮೇಲೆ ಭಾಮೈದನನ್ನು ಎಚ್ಚರಿಸಲು ಫೋನ್ ಮಾಡಿದ. ಶಿವಾನಂದ ನಕ್ಕುಬಿಟ್ಟ. ಹೋದ ವಾರ ಭಾವನೇ ಎರಡು ಸಲ ಹಾಕಿಸಿಕೊಂಡು ತಿಂದ ನಿಶ್ಚಿತಾರ್ಥದ ಹೋಳಿಗೆ ಹಾಲೇಶನದೇ ಎಂದ. ವೃದ್ಧಾಶ್ರಮದ ಕೆಲಸವೂ ನಿಜ, ತಾನೇ ಹೋಗಿ ವಿಚಾರಿಸಿದ್ದೇನೆ ಎಂದ. ಈಗಷ್ಟೇ ಅವನ ಫೋನ್ ಬಂದಿತ್ತು, ನಾಳೆಯಿಂದ ನಮ್ಮಲ್ಲಿಗೆ ಬರುತ್ತಾನೆ, ವರ್ಷಪೂರ್ತಿ ಸಂಬಳಕ್ಕೆ ಒಪ್ಪಿಸಿಕೊಂಡೆ ಎಂದೂ ಹೇಳಿದ.

ಕೊಟ್ರೇಶಪ್ಪ ಫೋನ್ ಹಿಡಿದು ನಿಂತಿರುವಾಗ ವಾರ್ಡಿನ ಆಯಾ ಬಂದಳು. ಮೂಲೆಯ ಹಾಸಿಗೆಯ ಅಜ್ಜಿ ಬಂದಾಗಿನಿಂದ ಏನೂ ಉಂಡಿರಲಿಲ್ಲ. ಇವತ್ತು ಬಟ್ಟಲು ಖಾಲಿ ಮಾಡಿದ್ದಳು.

"ನಾಳೆನೂ ಈ ಗಂಜಿ ಮಾಡಿದವರ ಕೈಲೇ ಮಾಡಿಸ್ರಿ ಅಂತ ಅಜ್ಜಿ ಹೇಳಿ ಕಳಿಸ್ಯಾಳ್ರಿ ಸಾರ್," ಎಂದಳು ಆಯಾ.



ನೀತಿ: ಮಾಡಿದ ಕೆಲಸಗಳಲ್ಲಿ ಕೇಳಿದವರಿಗೆ ಬೇಕಾದ್ದನ್ನು ಮುಂದಿಡುವುದು ಸುಳ್ಳಲ್ಲ, ಮಾಡದ್ದನ್ನು ಸೇರಿಸುವುದು ಸುಳ್ಳು. ಅನುಮಾನ ಬಂದರೆ ಮೊದಲು ವಿಚಾರಿಸಿ, ಆಮೇಲೆ ತೀರ್ಪು ಕೊಡಿ.