ಹನ್ನೊಂದು ಚಾವಣಿ ಸೋರಿದವನು

"ಗುರುಗಳೇ, ಕೆಲಸ ಬಲ್ಲವನು ಯಾರು, ಬಲ್ಲವನಂತೆ ಮಾತಾಡುವವನು ಯಾರು ಎಂದು ಮೊದಲೇ ತಿಳಿಯುವುದು ಹೇಗೆ?" ಎಂದು ಗುರುಪಾದ ಕೇಳಿದ.

ಮಠದ ತಾಳೆಗರಿ ಗ್ರಂಥಗಳ ಕೋಣೆಗೆ ಹೊಸ ಹೆಂಚು ಹೊದಿಸುವ ಹೊಣೆ ಅವನ ಮೇಲೆ ಬಿದ್ದಿತ್ತು. ಮುನ್ನೂರು ವರ್ಷದ ಗರಿಗಳು. ಒಮ್ಮೆ ನೆನೆದರೆ ಮತ್ತೆ ಬರೆದುಕೊಡುವವರಿಲ್ಲ. ಇಬ್ಬರು ಬಂದು ಕೆಲಸ ಕೇಳಿದ್ದರು. ಒಂದೇ ಬಗೆಯ ಹೆಂಚು, ಒಂದೇ ಗಡುವು, ಒಂದೇ ನಯವಾದ ಮಾತು.

"ಜನರನ್ನು ಅಳೆಯುವುದು ನನಗೆ ಬರದ ವಿದ್ಯೆಯೇನಲ್ಲ," ಎಂದೂ ಸೇರಿಸಿದ. "ಕೆಳಕೇರಿಯ ಅಣ್ಣತಮ್ಮಂದಿರ ಹತ್ತು ವರ್ಷದ ಜಗಳವನ್ನು ಹೋದ ವರ್ಷ ಒಂದೇ ಮಧ್ಯಾಹ್ನದಲ್ಲಿ ರಾಜಿ ಮಾಡಿಸಿದೆ. ಆ ರಾಜಿ ಇವತ್ತಿಗೂ ಗಟ್ಟಿಯಾಗಿದೆ. ಆದರೆ ಈ ಹೆಂಚಿನವರ ವಿಷಯ ಮಾತ್ರ ತಲೆಗೆ ಹತ್ತುತ್ತಿಲ್ಲ."

ಗುರುಗಳು ನಕ್ಕು ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಉಪ್ಪಿನ ವ್ಯಾಪಾರಿಯಿದ್ದ. ಒಂದು ಮಳೆಗಾಲದಲ್ಲಿ ಅವನ ಉಗ್ರಾಣ ಸೋರಿ, ಅರ್ಧ ಉಪ್ಪು ನೀರಾಗಿ ಚರಂಡಿ ಸೇರಿತು. ಇನ್ನೊಂದು ವರ್ಷ ಹೀಗೇ ಆದರೆ ಅಂಗಡಿಗೆ ಬೀಗ ಹಾಕುವುದೇ ಸರಿ. ಅವನು ಹೆಂಚು ಹೊದಿಸುವ ಇಬ್ಬರನ್ನು ಕರೆಸಿ, "ನೀವು ಹೊದಿಸಿದ ಚಾವಣಿ ಎಂದಾದರೂ ಸೋರಿದ್ದುಂಟೋ?" ಎಂದು ಕೇಳಿದ.

"ಇಲ್ಲೀವರೆಗೆ ಒಂದೂ ಸೋರಿಲ್ಲ ಸಾಹುಕಾರ್ರೇ," ಎಂದ ಮೊದಲನೆಯವನು.

"ಸೋರಿವೆ. ಹನ್ನೊಂದು," ಎಂದ ಎರಡನೆಯವನು.

ಇನ್ನು ಯೋಚಿಸುವುದೇನಿದೆ? ವ್ಯಾಪಾರಿ ಮನಸ್ಸಿನಲ್ಲೇ ಮೊದಲನೆಯವನಿಗೆ ಕೆಲಸ ಕೊಟ್ಟಾಯಿತು. ಆದರೆ ಆ ಹನ್ನೊಂದು ಅವನ ತಲೆ ಕೊರೆಯತೊಡಗಿತು. ಸುಳ್ಳುಗಾರನಾಗಿದ್ದರೆ ಇಲ್ಲವೆನ್ನುತ್ತಿದ್ದ. ಸೋಮಾರಿಯಾಗಿದ್ದರೆ ಎಷ್ಟು ಎಂದು ನೆನಪಿಡುತ್ತಿರಲಿಲ್ಲ. ಹಾಗಾದರೆ ಇವನೆಂಥ ಆಸಾಮಿ?

ಕೆಲಸ ಒಪ್ಪಿಸಲು ಮೊದಲನೆಯವನ ಮನೆಗೆ ಹೊರಟ ದಿನವೇ ಬೇಸಿಗೆಯ ಮಳೆಯೊಂದು ಧೋ ಎಂದು ಸುರಿಯಿತು. ಮೊದಲನೆಯವನು ಕಂಬಳಿ ಹೊದ್ದು ಹುರಿಗಡಲೆ ತಿನ್ನುತ್ತ ಕೂತಿದ್ದ. ಎದ್ದು ಚಾಪೆ ಹಾಸಿದ, ಬಾಯಿತುಂಬ ಉಪಚಾರ ಮಾಡಿದ. ವ್ಯಾಪಾರಿಗೆ ಖುಷಿಯೇ ಆಯಿತು. ಆದರೆ ಕುತೂಹಲ ಬಿಡಬೇಕಲ್ಲ! ಎದುರು ಸಾಲಿನಲ್ಲೇ ಎರಡನೆಯವನ ಮನೆ. ಅಲ್ಲಿಗೂ ಹೋಗಿ ಕೂಗಿದ.

"ಮಳೆ ಬಂದ್ರೆ ಅವ್ರು ಮನೇಲೆಲ್ಲಿ ಇರ್ತಾರೆ?" ಎಂದು ಹೆಂಡತಿ ಸಿಡುಕಿದಳು. "ಗಾಣದವರ ಮನೇಲಿ ಮೇಲೆ ನೋಡ್ತಾ ನಿಂತಿರ್ತಾರೆ, ಹೋಗಿ."

ವ್ಯಾಪಾರಿ ನೆನೆಯುತ್ತಲೇ ಅಲ್ಲಿಗೆ ಹೋದ. ಗಾಣದವರ ನಡುಮನೆಯಲ್ಲಿ ಆ ಮನುಷ್ಯ ಕತ್ತೆತ್ತಿ ನಿಂತಿದ್ದ. ಕೈಯಲ್ಲಿ ಇದ್ದಿಲ ಚೂರು. ಹೆಂಚಿನ ಕೆಳಗಿನ ಮರದ ಪಟ್ಟಿಯ ಗುಂಟ ಒಂದು ಹನಿ ಹರಿದು ಬಂದು ನೆಲಕ್ಕೆ ಬಿತ್ತು. ಅವನು ಏಣಿ ಹತ್ತಿ, ಅದು ಒಳಹೊಕ್ಕ ಜಾಗವನ್ನು ಹುಡುಕಿ, ಮರದ ಮೇಲೆ ಗೀಟು ಎಳೆದ. ಹನಿ ಬೀಳುವ ಜಾಗವೇ ಬೇರೆ, ಒಳಬರುವ ಜಾಗವೇ ಬೇರೆ. ಮಳೆ ನಿಂತ ಮೇಲೆ ದೇವರಿಗೂ ಅದು ಸಿಗುವುದಿಲ್ಲ. ಆ ಚಾವಣಿಯನ್ನು ಅವನೇ ಹೊದಿಸಿ ಆರು ವರ್ಷವಾಗಿತ್ತು; ಅವನ ಹನ್ನೊಂದರಲ್ಲಿ ಅದೂ ಒಂದು. ಪ್ರತಿ ವರ್ಷವೂ ಮೊದಲ ಮಳೆಗೆ ಅವನು ಕರೆಯದೆ ಬರುತ್ತಾನೆಂದು ಮನೆಯಾಕೆ ಹೇಳಿದಳು.

ವ್ಯಾಪಾರಿ ಮೊದಲನೆಯವನ ಬಳಿಗೆ ಹಿಂತಿರುಗಿ, "ಮಳೆ ಬಂದಾಗ ನೀನು ಹೊದಿಸಿದ ಮನೆಗಳಿಗೆ ಹೋಗಿದ್ದೀಯಾ?" ಎಂದು ಕೇಳಿದ.

"ಕೆಲಸ ಮುಗಿದ ಮನೇಲಿ ನಂಗೇನು ಕೆಲಸ?" ಎಂದು ಅವನು ಬೆರಗಾದ.

ಪಾಪ, ಅವನು ಸುಳ್ಳು ಹೇಳಿರಲಿಲ್ಲ. ನೋಡಿರಲಿಲ್ಲ, ಅಷ್ಟೇ.

ಉಗ್ರಾಣದ ಚಾವಣಿಯನ್ನು ಎರಡನೆಯವನು ಹೊದಿಸಿದ. ಮುಂಗಾರಿನ ಮೊದಲ ಮಳೆಗೆ ಇದ್ದಿಲು ಹಿಡಿದು ಬಂದು ನಿಂತ. ಒಂದು ಮೂಲೆಯಲ್ಲಿ ತೊಟ್ಟಿಕ್ಕಿತು. ಗುರುತು ಹಾಕಿಕೊಂಡು, ಮಳೆ ನಿಂತೊಡನೆ ಆ ಹೆಂಚು ಬದಲಿಸಿ, "ಹನ್ನೆರಡು" ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಆ ವರ್ಷ ಒಂದು ಹಿಡಿ ಉಪ್ಪೂ ಕರಗಲಿಲ್ಲ.

ಕತೆ ಮುಗಿಯುವಷ್ಟರಲ್ಲಿ ಗುರುಪಾದ ಎದ್ದೇ ನಿಂತಿದ್ದ. "ಇಷ್ಟೇ ತಾನೆ! ಇಬ್ಬರನ್ನೂ ಇವತ್ತೇ ಕೇಳಿಬಿಡುತ್ತೇನೆ," ಎಂದು ಹುರುಪಿನಿಂದ ಬಾಗಿಲ ಕಡೆ ನಡೆದ.

ಗುರುಗಳು ಹಿಂದಿನಿಂದ ಕರೆದರು. "ಕೆಳಕೇರಿಯ ರಾಜಿ ಗಟ್ಟಿಯಾಗಿದೆ ಎಂದೆಯಲ್ಲ ಗುರುಪಾದ, ನೀನು ಅಲ್ಲಿಗೆ ಮತ್ತೆ ಹೋಗಿ ನೋಡಿದ್ದು ಯಾವಾಗ?"